ಶೇಕಡಾ ಒಂದರ ಹಿಂದಿನ ಕಥೆ

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಹಾದು ಹಳೇಬೀಡು, ಬೇಲೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73ರ ಯಾವ ಪೆಟ್ರೋಲ್ ಬಂಕಿಗೆ ಹೋದರೂ ಎಚ್ಚರಿಕೆಯ ಫಲಕಗಳು ಒಂದೇ ಮಾತು ಹೇಳುತ್ತವೆ. ಬೀಡಿ ಸಿಗರೇಟು ಸೇದಬೇಡಿ, ಎಂಜಿನ್ ಆರಿಸಿ, ಮೊಬೈಲ್ ಬಳಸಬೇಡಿ. ಪಕ್ಕದಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟುಗಳು ತೂಗುತ್ತಿರುತ್ತವೆ. 1934ರ ಪೆಟ್ರೋಲಿಯಂ ಕಾಯ್ದೆಯ ಕಾಲದಿಂದಲೂ ನಾವು ಪೆಟ್ರೋಲನ್ನು ಬೆಂಕಿಯ ಕಣ್ಣಿನಿಂದಲೇ ನೋಡುತ್ತ ಬಂದಿದ್ದೇವೆ. ಆ ಭಯ ಸರಿಯಾದದ್ದೇ. ಆದರೆ ಬೆಂಕಿ ಹತ್ತದಿದ್ದಾಗಲೂ ಅದೇ ಪೆಟ್ರೋಲಿನಿಂದ ಏಳುವ ಆವಿಯಲ್ಲಿ ಬೆಂಜೀನ್ ಇರುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಂಶಯಕ್ಕೆ ಎಡೆಯಿಲ್ಲದಂತೆ ಮೊದಲ ಗುಂಪಿಗೆ ಸೇರಿಸಿರುವ ವಸ್ತು. ಅದರ ಬಗ್ಗೆ ಒಂದು ಸಾಲಿನ ಫಲಕವೂ ನಮ್ಮ ಬಂಕುಗಳಲ್ಲಿ ಕಾಣಸಿಗುವುದು ಅಪರೂಪ. ಈ ಮೌನ ತಾನಾಗಿ ಹುಟ್ಟಿದ್ದಲ್ಲ. ಬೆಂಜೀನ್‌ನಿಂದ ರಕ್ಷಣೆ ಎಂಬುದು ಎಲ್ಲೆಡೆ ಮೊದಲು ದೊಡ್ಡ ಕಾರ್ಖಾನೆಗೆ, ಆಮೇಲೆ ದೊಡ್ಡ ಊರಿಗೆ ಬಂದು, ಸಣ್ಣ ಊರಿನ ಕೆಲಸಗಾರನ ಹತ್ತಿರ ಬರುವಷ್ಟರಲ್ಲಿ ನಿಂತುಹೋಗಿದೆ.

ಮೈಕೆಲ್ ಫ್ಯಾರಡೆ 1825ರಲ್ಲಿ ದೀಪದ ಅನಿಲದ ಶೇಷದಿಂದ ಬೆಂಜೀನನ್ನು ಬೇರ್ಪಡಿಸಿದಾಗ ಅದೊಂದು ಕುತೂಹಲದ ದ್ರವವಾಗಿತ್ತು. ರಬ್ಬರನ್ನು, ಗೋಂದನ್ನು, ಬಣ್ಣವನ್ನು ಚೆನ್ನಾಗಿ ಕರಗಿಸುತ್ತದೆಂದು ತಿಳಿದ ಮೇಲೆ ಅದು ಕಾರ್ಖಾನೆಗಳಿಗೆ ಕಾಲಿಟ್ಟಿತು. 1897ರಲ್ಲೇ ಸ್ವೀಡನ್ನಿನ ವೈದ್ಯ ಸಾಂಟೆಸನ್, ಸೈಕಲ್ ಟೈರ್ ತಯಾರಿಸುತ್ತಿದ್ದ ಯುವತಿಯರ ಮಜ್ಜೆ ರಕ್ತ ಹುಟ್ಟಿಸುವುದನ್ನೇ ನಿಲ್ಲಿಸಿದ್ದನ್ನು ದಾಖಲಿಸಿದರು. 1970ರ ದಶಕದಲ್ಲಿ ಇಸ್ತಾಂಬುಲ್‌ನ ವೈದ್ಯ ಮುಜಫರ್ ಅಕ್ಸೋಯ್, ಇಕ್ಕಟ್ಟಾದ ಕೋಣೆಗಳಲ್ಲಿ ಗೋಂದು ಹಚ್ಚುತ್ತಿದ್ದ ಚಪ್ಪಲಿ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಒಂದಾದ ಮೇಲೊಂದು ಕಾಣಿಸಿಕೊಂಡದ್ದನ್ನು ತೋರಿಸಿದರು. 1977ರಲ್ಲಿ ಅಮೆರಿಕದ ಓಹಾಯೋದ ರಬ್ಬರ್ ಹಾಳೆ ಕಾರ್ಖಾನೆಗಳ ಅಧ್ಯಯನವೂ ಅದನ್ನೇ ಹೇಳಿತು. ಸಾಕ್ಷ್ಯ ಬೆಳೆದಂತೆ ಮಿತಿ ಇಳಿಯಿತು. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ 1946ರಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ ಬೆಂಜೀನ್ ಇರಬಹುದೆಂದಿತ್ತು. 1997ರ ಹೊತ್ತಿಗೆ ಅದೇ ಸಂಘದ ಮಿತಿ ಅರ್ಧ ಭಾಗಕ್ಕೆ ಬಂದಿತ್ತು. ಐವತ್ತು ವರ್ಷಗಳಲ್ಲಿ ಇನ್ನೂರು ಪಟ್ಟು ಇಳಿಕೆ. ಈ ನಡುವೆ ಅಲ್ಲಿನ ಸರ್ಕಾರ 1970ರ ದಶಕದ ಕೊನೆಯಲ್ಲಿ ಕಾನೂನಿನ ಮಿತಿಯನ್ನು ಹತ್ತರಿಂದ ಒಂದಕ್ಕೆ ಇಳಿಸಲು ಹೊರಟಾಗ ತೈಲ ಉದ್ಯಮ ಕೋರ್ಟಿಗೆ ಹೋಯಿತು. 1980ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಅದೇ ಮಿತಿ ಮತ್ತೆ ಜಾರಿಯಾದದ್ದು 1987ರಲ್ಲಿ. ಈ ವಿಳಂಬದ ಬೆಲೆಯನ್ನು ತೆತ್ತದ್ದು ಕೆಲಸಗಾರರ ಮೈ.

ನಮ್ಮಲ್ಲಿ ಬೆಂಜೀನ್‌ನ ಚರಿತ್ರೆ ಪೆಟ್ರೋಲಿನ ಒಳಗೇ ನಡೆದಿದೆ. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲ್ ನಿಂತಿತು. ಅದು ದೊಡ್ಡ ಗೆಲುವು. ಆದರೆ ಎಂಜಿನ್ ಬಡಿದುಕೊಳ್ಳದಂತೆ ತಡೆಯಲು ಸೀಸದ ಜಾಗದಲ್ಲಿ ಬೇರೇನಾದರೂ ಬೇಕು, ಬೆಂಜೀನ್‌ನ ಕುಲದ ರಾಸಾಯನಿಕಗಳು ಆ ಕೆಲಸ ಚೆನ್ನಾಗಿಯೇ ಮಾಡುತ್ತವೆ. ಹಾಗಾಗಿ ಬೆಂಜೀನ್‌ಗೆ ಕಡಿವಾಣ ಹಾಕುವುದು ಅನಿವಾರ್ಯವಾಯಿತು. ಶೇಕಡಾ ಐದರವರೆಗೆ ಇರಬಹುದಾಗಿದ್ದದ್ದು ಮಹಾನಗರಗಳಲ್ಲಿ ಮೂರಕ್ಕೆ, ಭಾರತ್ ಸ್ಟೇಜ್ ಮೂರರ ಮಾನದಂಡದಲ್ಲಿ ಒಂದಕ್ಕೆ ಇಳಿಯಿತು. ಬೆಂಗಳೂರೂ ಸೇರಿ ಹನ್ನೊಂದು ನಗರಗಳಿಗೆ ಆ ಪೆಟ್ರೋಲ್ 2005ರಲ್ಲಿ ಬಂತು. ಉಳಿದ ದೇಶಕ್ಕೆ, ಅಂದರೆ ಅರಸೀಕೆರೆಗೆ, ಬೇಲೂರಿಗೆ, 2010ರಲ್ಲಿ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಗೆ ತೈಲ ಒಯ್ಯುವ ಕೊಳವೆ ಮಾರ್ಗ 2003ರಲ್ಲೇ ಹಾಸನ ಜಿಲ್ಲೆಯ ನೆಲದಡಿ ಹರಿಯತೊಡಗಿತ್ತು. ಕೊಳವೆ ಮೊದಲು ಮುಟ್ಟುವುದು ಹಾಸನವನ್ನು, ನಿಯಮ ಮೊದಲು ಮುಟ್ಟಿದ್ದು ಬೆಂಗಳೂರನ್ನು. ಮಹಾನಗರದ ಹೊಗೆ ದಟ್ಟವಾಗಿತ್ತು, ಅಲ್ಲಿಂದ ಶುರುಮಾಡಿದ್ದು ಸಹಜ ಎನ್ನಬಹುದು. ಹೊಗೆಯ ಲೆಕ್ಕದಲ್ಲಿ ಅದು ಸರಿ. ಆದರೆ ನಾಜಲ್ ಹಿಡಿದು ನಿಂತವನ ಲೆಕ್ಕವೇ ಬೇರೆ: ಅವನ ಮೂಗಿಗೂ ಟ್ಯಾಂಕಿನ ಬಾಯಿಗೂ ಇರುವ ದೂರ ಬೆಂಗಳೂರಿನಲ್ಲೂ ಹಳೇಬೀಡಿನಲ್ಲೂ ಒಂದೇ.

ಶೇಕಡಾ ಒಂದು ಎಷ್ಟು ಮಹಾ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಶೇಕಡಾ ಒಂದು ಎಂದರೆ ಹತ್ತು ಮಿಲಿಲೀಟರ್, ತೂಕದಲ್ಲಿ ಒಂಬತ್ತು ಗ್ರಾಂ ಹತ್ತಿರ. ಹತ್ತು ಲಕ್ಷಕ್ಕೆ ಒಂದು ಭಾಗ ಎಂಬ ಮಿತಿ ತಲುಪಲು ಒಂದು ಘನ ಮೀಟರ್ ಗಾಳಿಗೆ ಸುಮಾರು 3.2 ಮಿಲಿಗ್ರಾಂ ಬೆಂಜೀನ್ ಸಾಕು. ಅಂದರೆ ಚೆಲ್ಲಿದ ಒಂದೇ ಲೀಟರಿನ ಬೆಂಜೀನ್ ಪೂರ್ತಿ ಆವಿಯಾದರೆ 2,700 ಘನ ಮೀಟರ್ ಗಾಳಿಯನ್ನು ಆ ಮಿತಿಗೆ ಮುಟ್ಟಿಸುತ್ತದೆ. ಬಯಲಿನಲ್ಲಿ ಗಾಳಿ ಅದನ್ನು ಚದುರಿಸುತ್ತದೆ, ನಿಜ. ಬಂಕು ಬಯಲಿನಲ್ಲಿರುವುದೇ ಕೆಲಸಗಾರನಿಗೆ ಸಿಕ್ಕಿರುವ ದೊಡ್ಡ ರಕ್ಷಣೆ. ಆದರೂ ಟ್ಯಾಂಕಿಗೆ ಇಳಿಯುವ ಪ್ರತಿ ಲೀಟರ್ ಪೆಟ್ರೋಲ್ ಅಷ್ಟೇ ಪ್ರಮಾಣದ ಆವಿಯನ್ನು ಹೊರದೂಡುತ್ತದೆ, ಬೈಕಿನ ಟ್ಯಾಂಕಿನ ಮೇಲೆ ಬಾಗಿದ ಮುಖಕ್ಕೆ ಅದು ಚದುರುವ ಮೊದಲೇ ತಾಗುತ್ತದೆ. ಟ್ಯಾಂಕರ್ ಬಂದು ನೆಲದಡಿಯ ಟ್ಯಾಂಕಿಗೆ ಸಾವಿರಾರು ಲೀಟರ್ ಇಳಿಸುವಾಗ, ಮುಚ್ಚಳ ತೆಗೆದು ಅಳತೆ ಕೋಲು ಇಳಿಬಿಡುವಾಗ ಆವಿ ಇನ್ನೂ ಹೆಚ್ಚು. ಇನ್ನು ಗ್ಯಾರೇಜುಗಳಿಗೆ ಬಯಲಿನ ಆ ಅನುಕೂಲವೂ ಇಲ್ಲ. ಶಟರಿನೊಳಗೆ ಕೂತು ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆಯುವುದು, ಗ್ರೀಸ್ ಹತ್ತಿದ ಕೈಯನ್ನು ಅದೇ ಪೆಟ್ರೋಲಿನಿಂದ ಒರೆಸಿಕೊಳ್ಳುವುದು, ಪೈಪಿಗೆ ಬಾಯಿ ಹಚ್ಚಿ ಎಳೆಯುವುದು ನಮ್ಮ ಊರುಗಳಲ್ಲಿ ದಿನನಿತ್ಯದ ರೂಢಿ. ಬೆಂಜೀನ್ ಚರ್ಮದ ಮೂಲಕವೂ ಒಳಹೋಗುತ್ತದೆ. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ, ಹಾಗಾಗಿ ಕೂತು ಕೆಲಸ ಮಾಡುವವನ ಮಟ್ಟದಲ್ಲೇ ತಂಗುತ್ತದೆ.

ಟ್ಯಾಂಕಿನ ಬಾಯಿಂದ ಹೊರಬರುವ ಆವಿಯನ್ನು ನಾಜಲ್ಲಿನಲ್ಲೇ ಹೀರಿ ನೆಲದಡಿಯ ಟ್ಯಾಂಕಿಗೆ ಮರಳಿಸುವ ವ್ಯವಸ್ಥೆ ಇದೆ; ಟ್ಯಾಂಕರ್ ಇಳಿಸುವಾಗ ಇನ್ನೊಂದು ಕೊಳವೆಯಿಂದ ಆವಿಯನ್ನು ಟ್ಯಾಂಕರಿಗೇ ಹಿಂದಿರುಗಿಸುವ ವ್ಯವಸ್ಥೆಯೂ ಇದೆ. ನಮ್ಮ ದೇಶದಲ್ಲಿ ಇದನ್ನು ಕಡ್ಡಾಯ ಮಾಡುವಾಗ ಹಿಡಿದ ಅಳತೆಗೋಲು ನಗರದ ಜನಸಂಖ್ಯೆ ಮತ್ತು ತಿಂಗಳ ಮಾರಾಟ. 2011ರ ಜನಗಣತಿಯಲ್ಲಿ ಅರಸೀಕೆರೆಯ ಜನಸಂಖ್ಯೆ ಸುಮಾರು 53 ಸಾವಿರ, ಬೇಲೂರಿನದು ಅದರ ಅರ್ಧಕ್ಕೂ ಕಡಿಮೆ. ಮಾರಾಟ ಕಡಿಮೆಯಿರುವ ಬಂಕಿನಲ್ಲಿ ಆವಿಯೂ ಕಡಿಮೆ, ಖರ್ಚು ಮಾತ್ರ ಅಷ್ಟೇ ಎಂಬ ಮಾಲೀಕರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಸಣ್ಣ ಬಂಕಿನಲ್ಲಿ ಕೆಲಸಗಾರರೂ ಕಡಿಮೆ. ಇಡೀ ಪಾಳಿಯ ಆವಿ ಇಬ್ಬರು ಮೂವರ ಪಾಲಿಗೇ ಬರುತ್ತದೆ. ಅದೂ ಅಲ್ಲದೆ 2023ರಲ್ಲಿ ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹೊರ ಊರಿನ ವಾಹನಗಳು ಟ್ಯಾಂಕು ತುಂಬಿಸಿಕೊಳ್ಳುವ ದಾರಿಯಿದು, ಊರಿನ ಜನಸಂಖ್ಯೆಯಿಂದ ಇಲ್ಲಿನ ಪೆಟ್ರೋಲನ್ನು ಅಳೆಯಲಾಗದು. ನಾಜಲ್ಲಿನ ವ್ಯವಸ್ಥೆಗೆ ಕಾಲ ಬೇಕಾದರೆ ಬೇಕಾಗಲಿ, ಟ್ಯಾಂಕರಿನ ಆವಿ ಕೊಳವೆಯನ್ನಾದರೂ ತೈಲ ಕಂಪನಿಗಳು ತಮ್ಮ ಖರ್ಚಿನಲ್ಲೇ ಎಲ್ಲ ಬಂಕಿಗೂ ಒದಗಿಸಬೇಕು.

ಮಾಸ್ಕ್ ಕೊಟ್ಟರೆ ಸಾಲದೇ ಎಂಬ ಪ್ರಶ್ನೆಯೂ ಉಂಟು. ಸಾಲದು. ಬಟ್ಟೆಯ ಮಾಸ್ಕ್ ಧೂಳು ತಡೆದೀತು, ಆವಿಯನ್ನು ತಡೆಯದು. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖಗವಸೇ ಬೇಕು, ಬಿಸಿಲಲ್ಲಿ ಎಂಟು ಗಂಟೆ ಅದನ್ನು ಹಾಕಿಕೊಂಡು ನಿಲ್ಲುವುದು ಆಗದ ಮಾತು. ಹತ್ತಿಯ ಕೈಗವಸು ಪೆಟ್ರೋಲನ್ನು ಹೀರಿ ಚರ್ಮಕ್ಕೇ ಅಂಟಿಸಿಡುತ್ತದೆ. ನಿಜಕ್ಕೂ ಕೆಲಸಕ್ಕೆ ಬರುವುದು ಸರಳ ಕ್ರಮಗಳು: ಗಾಳಿ ಬರುವ ಕಡೆ ನಿಂತು ತುಂಬಿಸುವುದು, ಪೆಟ್ರೋಲ್ ಬಿದ್ದ ಬಟ್ಟೆಯನ್ನು ಕೂಡಲೇ ಕಳಚಿ ಮೈಯನ್ನು ಸೋಪು ನೀರಿನಲ್ಲಿ ತೊಳೆಯುವುದು, ಅದೇ ಬಟ್ಟೆಯಲ್ಲಿ ಮನೆಗೆ ಹೋಗದಿರುವುದು, ಬಿಡಿಭಾಗ ತೊಳೆಯಲು ಪೆಟ್ರೋಲ್ ಬಿಟ್ಟು ಸೋಪಿನ ನೀರಿನಂಥ ದ್ರಾವಣ ಬಳಸುವುದು. ಬಾಯಿಂದ ಎಳೆಯುವಾಗ ನುಂಗಿಬಿಟ್ಟರೆ ವಾಂತಿ ಮಾಡಿಸಲೇಬಾರದು, ಅದು ಶ್ವಾಸಕೋಶಕ್ಕೆ ಇಳಿದು ಇನ್ನಷ್ಟು ಅಪಾಯ. ನೇರ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ಬೆಂಜೀನ್ ಕೆಲಸದಲ್ಲಿ ತೊಡಗಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1971ರ ಒಪ್ಪಂದ ಹೇಳುತ್ತದೆ. ಅದು ಅನ್ವಯಿಸುವುದು ಶೇಕಡಾ ಒಂದನ್ನು ಮೀರಿದ ಬೆಂಜೀನ್‌ಗೆ, ಭಾರತ ಅದನ್ನು 1991ರಲ್ಲಿ ಒಪ್ಪಿದೆ. ಬಂಕಿನ ಪೆಟ್ರೋಲ್ ಆ ಗೆರೆಯ ಅಂಚಿನಲ್ಲೇ ಇರುವುದರಿಂದ, ಹೆಣ್ಣುಮಕ್ಕಳನ್ನು ನೇಮಿಸಿಕೊಂಡ ಮಾಲೀಕರು ಆ ತಿಂಗಳುಗಳಲ್ಲಿ ಅವರಿಗೆ ಸಂಬಳ ಕಡಿಯದೆ ಕ್ಯಾಷ್ ಕೌಂಟರಿನ ಕೆಲಸ ಕೊಡುವುದು ನ್ಯಾಯ.

ಬಂಕಿನಲ್ಲಿ, ಗ್ಯಾರೇಜಿನಲ್ಲಿ ದುಡಿಯುವವರು ವರ್ಷಕ್ಕೊಮ್ಮೆಯಾದರೂ ರಕ್ತಕಣಗಳ ಪೂರ್ಣ ಎಣಿಕೆ ಮಾಡಿಸಿಕೊಳ್ಳಲಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಪರೀಕ್ಷೆಯಿದು. ವೈದ್ಯರಿಗೆ ತಾವು ಮಾಡುವ ಕೆಲಸ ಯಾವುದೆಂದು ಬಾಯಿಬಿಟ್ಟು ಹೇಳಲಿ, ಹಳೆಯ ವರದಿಗಳನ್ನು ಜೋಪಾನವಾಗಿಡಲಿ. ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆಯೇ ಎಂಬುದು ಆ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಗೊತ್ತಾಗುವುದು. ಬೆಂಜೀನ್‌ನಿಂದ ಬಂದ ಕಾಯಿಲೆಯನ್ನು ಔದ್ಯೋಗಿಕ ರೋಗವೆಂದು 1923ರ ಪರಿಹಾರ ಕಾಯ್ದೆಯ ಅನುಸೂಚಿಯೇ ಹೆಸರಿಸಿತ್ತು. ಆದರೆ ದಾಖಲೆಯಿಲ್ಲದವನಿಗೆ ಪರಿಹಾರ ಸಿಗುವುದು ಕಷ್ಟ. ಇನ್ನು ಪೆಟ್ರೋಲ್ ಹಾಕಿಸಿಕೊಳ್ಳುವ ನಮ್ಮೆಲ್ಲರಲ್ಲಿ ಒಂದು ವಿನಂತಿ: ನಾಜಲ್ ತಾನಾಗಿ ಕಟ್ ಆದ ಮೇಲೆ ಕುತ್ತಿಗೆಯವರೆಗೆ ತುಂಬಿಸು ಎಂದು ಆ ಹುಡುಗನನ್ನು ಒತ್ತಾಯಿಸಬೇಡಿ.