ಬೆಳಿಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ

ಬೆಂಗಳೂರಿನಲ್ಲೇ, ರಾಜಾಜಿನಗರದ ಹತ್ತಿರ, 1966ರಲ್ಲಿ ಶುರುವಾದ ಕಂಠೀರವ ಸ್ಟುಡಿಯೊ ಇದೆ. ಆದರೂ ಎಷ್ಟೋ ಕನ್ನಡ ಧಾರಾವಾಹಿಗಳು ತಯಾರಾಗುವುದು ಕೆಂಗೇರಿ, ರಾಜರಾಜೇಶ್ವರಿ ನಗರದ ಕಡೆಯ ಬಾಡಿಗೆ ಬಂಗಲೆಗಳಲ್ಲಿ. ಇಂಥವಕ್ಕೆ ‘ಶೂಟಿಂಗ್ ಮನೆ’ ಎನ್ನುತ್ತಾರೆ. ಹಾಲ್, ಅಡುಗೆಮನೆ, ಮೆಟ್ಟಿಲುಗಳೇ ಇಲ್ಲಿ ಸ್ಟುಡಿಯೊ.

ಕೆಲಸ ಬೆಳಕಿನಿಂದ ಶುರು. ಹಗಲಿನ ದೃಶ್ಯವಾದರೆ ಕಿಟಕಿಯ ಹೊರಗೆ ದೊಡ್ಡ ದೀಪ ನಿಲ್ಲಿಸಿ ಒಳಗೆ ಬಿಸಿಲು ಬೀಳಿಸುತ್ತಾರೆ. ಹೊರಗೆ ನಿಜವಾದ ಬಿಸಿಲಿದ್ದರೂ ಅದನ್ನು ನೆಚ್ಚುವಂತಿಲ್ಲ. ಸೂರ್ಯ ಸರಿಯುತ್ತಾನೆ, ಮೋಡ ಕವಿಯುತ್ತದೆ. ತೆರೆಯ ಮೇಲೆ ನಾಲ್ಕು ನಿಮಿಷ ಬರುವ ದೃಶ್ಯ ತೆಗೆಯಲು ಗಂಟೆಗಳೇ ಹಿಡಿದರೂ ಬಿಸಿಲು ಬಿದ್ದ ಜಾಗ ಕದಲಬಾರದು. ರಾತ್ರಿಯ ದೃಶ್ಯವನ್ನು ಹಗಲಲ್ಲಿ ತೆಗೆಯುವಾಗ ಅದೇ ಕಿಟಕಿಗೆ ಕಪ್ಪು ಬಟ್ಟೆ ಕಟ್ಟುತ್ತಾರೆ. ಮುಖದ ಮೇಲಿನ ಗಡಸು ನೆರಳನ್ನು ತಿಳಿಗೊಳಿಸಲು ಪಕ್ಕದಲ್ಲೊಬ್ಬರು ಬಿಳಿ ಥರ್ಮಕೋಲ್ ಹಾಳೆ ಹಿಡಿದು ಬೆಳಕನ್ನು ಮರಳಿಸುತ್ತಾರೆ. ಬಣ್ಣವೂ ಹೊಂದಬೇಕು. ಹಗಲಿನ ಬೆಳಕು ಸುಮಾರು 5600 ಕೆಲ್ವಿನ್, ತುಸು ನೀಲಿ. ಟಂಗ್‌ಸ್ಟನ್ ದೀಪ 3200, ಹಳದಿಯತ್ತ ವಾಲಿದ್ದು. ನಮ್ಮ ಕಣ್ಣು ಎರಡನ್ನೂ ಬಿಳಿಯೆಂದು ಒಪ್ಪಿಕೊಂಡುಬಿಡುತ್ತದೆ, ಕ್ಯಾಮೆರಾ ಒಪ್ಪುವುದಿಲ್ಲ.

ದೀಪಗಳನ್ನು ಇನ್ನೊಂದು ದಿಕ್ಕಿಗೆ ಹೊಂದಿಸಲು ಬಹಳ ಹೊತ್ತು ಬೇಕು. ಆದ್ದರಿಂದಲೇ ದೃಶ್ಯವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಮೊದಲು ಇಡೀ ಕೋಣೆ ಕಾಣುವ ಮಾಸ್ಟರ್ ಶಾಟ್. ಆಮೇಲೆ, ಅತ್ತೆ ಸೊಸೆಯ ಜಗಳವಾದರೆ, ಅತ್ತೆಯ ಮುಖ ಕಾಣುವ ಶಾಟ್‌ಗಳೆಲ್ಲ ಒಟ್ಟಿಗೆ. ದೀಪ ತಿರುಗಿಸಿದ ಮೇಲೆ ಸೊಸೆಯವು. ಅತ್ತೆ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಸೊಸೆ ಊಟವಾದ ಮೇಲೆ ಉತ್ತರ ಕೊಡಬೇಕಾಗಬಹುದು, ಅದೇ ಸಿಟ್ಟಿನಲ್ಲಿ, ಅದೇ ಗಂಟಲಲ್ಲಿ. ಇದೊಂದು ದೊಡ್ಡ ವಿದ್ಯೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಸಿಟ್ಟನ್ನು ಕಲಾವಿದರು ಕಾಯ್ದುಕೊಂಡರೆ ಉಳಿದದ್ದನ್ನು ಕಾಯುವವರು ಕಂಟಿನ್ಯುಟಿ ನೋಡುವ ಸಹಾಯಕ ನಿರ್ದೇಶಕರು. ಲೋಟದಲ್ಲಿ ಕಾಫಿ ಎಷ್ಟಿತ್ತು, ಯಾವ ಮಾತಿಗೆ ಕೈ ಮೇಲೆದ್ದಿತ್ತು ಎಂಬುದನ್ನೆಲ್ಲ ಬರೆದು, ಫೋಟೊ ತೆಗೆದು ಇಟ್ಟುಕೊಳ್ಳುತ್ತಾರೆ. ಇನ್ನೊಂದು ಎಚ್ಚರವೂ ಬೇಕು. ಮಾತಾಡುವ ಇಬ್ಬರನ್ನು ಕೂಡಿಸುವ ಒಂದು ಗೆರೆ ಇದೆಯೆಂದು ಭಾವಿಸಿ, ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡುತ್ತಾರೆ. ದಾಟಿದರೆ ಎದುರುಬದುರು ಕೂತವರು ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತಾರೆ.

ಸ್ಥಳದಲ್ಲೇ ಧ್ವನಿ ಹಿಡಿಯುವಾಗ ಫ್ಯಾನ್, ಫ್ರಿಜ್ ಎಲ್ಲ ಬಂದ್. ಹಳಿಗೆ ಹತ್ತಿರದ ಮನೆಯಾದರೆ ಮೈಸೂರಿನ ರೈಲು ಕೂಗಿ ಹೋಗುವ ತನಕ ಕಾಯಬೇಕು. ಕೊನೆಗೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಅರ್ಧ ನಿಮಿಷ ಬರೀ ಕೋಣೆಯ ಸದ್ದನ್ನು ದಾಖಲಿಸುತ್ತಾರೆ. ಇದೇ ರೂಮ್ ಟೋನ್. ಮಾತುಗಳನ್ನು ಜೋಡಿಸುವಾಗ ಉಳಿಯುವ ಸಂದುಗಳಿಗೆ ಸಂಕಲನಕಾರರು ಇದನ್ನೇ ತುಂಬುತ್ತಾರೆ. ಅಲ್ಲಿ ಏನೂ ಇಲ್ಲದಿದ್ದರೆ, ಕತ್ತರಿ ಆಡಿದ ಜಾಗವನ್ನು ಮನೆಯಲ್ಲಿ ಕೂತವರ ಕಿವಿ ಥಟ್ಟನೆ ಹಿಡಿದುಬಿಡುತ್ತದೆ.