ತಾತನ ಎಂಜಿ ಕಾರು ಮಾರೋಕೆ ಮುಂಚೆ: ಬಣ್ಣ ಹೊಡೆಸಬೇಡಿ, ಕಾಗದ ಹುಡುಕಿ

ಈ ಸಲದ ವಿಷಯ ಸ್ವಲ್ಪ ಮನೆಯದ್ದೇ. ಗೌನಿಪಲ್ಲಿ ನಮ್ಮ ತೋಟದ ಶೆಡ್ಡಿನಲ್ಲಿ, ಮಾವಿನ ಕ್ರೇಟುಗಳ ಹಿಂದೆ, ತಾತನ ಎಂಜಿ ಟಿಡಿ ಕಾರು ನಿಂತಿದೆ. ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1951ರದ್ದು. ನಾನು ಹುಟ್ಟೋಕೆ ಮುಂಚೇನೇ ನಿಂತುಹೋಗಿತ್ತು. ಈಗ ಶೆಡ್ಡಿನ ಸೂರು ಕುಸೀತಿದೆ, ಮಾರೋಣ ಅಂತ ತೀರ್ಮಾನ ಆಯ್ತು.

ಸುದ್ದಿ ಹರಡಿದ ಕೂಡಲೇ ಬಂದ ಮೊದಲ ಸಲಹೆ: "ಕೆಂಪು ಬಣ್ಣ ಹೊಡೆಸಿ ಸಾರ್, ಡಬಲ್ ರೇಟು." ಕೇಳಲಿಲ್ಲ, ಸದ್ಯ! ಹೊಸ ಬಣ್ಣದ ಕೆಳಗೆ ತುಕ್ಕಿದೆಯೋ ಪುಟ್ಟಿ ಇದೆಯೋ ಕೊಳ್ಳೋನಿಗೆ ಕಾಣಲ್ಲ. ಹಳೇ ಬಣ್ಣ, ಸವೆದ ಚರ್ಮ, ಮೂಲ ಮೀಟರುಗಳು ಹಾಗೇ ಇದ್ರೆ ಕಾರು ತನ್ನ ಕಥೆ ತಾನೇ ಹೇಳುತ್ತೆ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ಕೂಡ 2012ರ ಟ್ಯೂರಿನ್ ಸನ್ನದಿನಲ್ಲಿ ಹೊಸದು ಮಾಡೋದಕ್ಕಿಂತ ಇದ್ದದ್ದನ್ನ ಉಳಿಸೋದಕ್ಕೇ ಒತ್ತು ಕೊಟ್ಟಿದೆ.

ಆದ್ರೆ ಉಳಿಸೋದು ಅಂದ್ರೆ ಕೈಕಟ್ಟಿ ಕೂರೋದಲ್ಲ. ಟಿಡಿ ಹೊರಗೆ ತಗಡು, ಒಳಗೆ ಆಶ್ ಮರದ ಚೌಕಟ್ಟು. ನಮ್ಮ ಸೀಮೆಯ ಒಣ ಹವೆ ತಗಡಿಗೆ ಒಳ್ಳೇದು. ಮರಕ್ಕೆ? ಗೆದ್ದಲು! ಬಾಗಿಲ ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿದ್ರೆ ರವೆ ಥರ ಉದುರಿತು. ಗೆದ್ದಲಿಗೆ ಔಷಧಿ ಹಾಕಿಸಿದೆ, ಮರ ಬದಲಾಯಿಸಲಿಲ್ಲ. ಫೋಟೋ ತೆಗೆದು ಇಟ್ಟಿದ್ದೀನಿ, ಕೊಳ್ಳೋರಿಗೆ ಅದನ್ನೇ ಮೊದಲು ತೋರಿಸ್ತೀನಿ. ಇಂಗ್ಲೆಂಡಿನಲ್ಲಿ ಈ ಚೌಕಟ್ಟು ಈಗಲೂ ಹೊಸದಾಗಿ ಮಾಡ್ತಾರೆ, ಹಾಗಾಗಿ ಅದು ದೊಡ್ಡ ಆತಂಕವಲ್ಲ. ಬ್ಯಾಟರಿ ಹಾಕಿ "ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಅನ್ನೋರನ್ನ ಮಾತ್ರ ದೂರ ಇಡಿ. ಹಿಡಿದುಕೊಂಡಿರೋ ಪಿಸ್ಟನ್ನನ್ನ ಬಲವಂತವಾಗಿ ತಿರುಗಿಸಿದ್ರೆ ಇಂಜಿನ್ ಹಾಳು.

ಬೆಲೆ ನಿಲ್ಲೋದು ನಂಬರುಗಳ ಮೇಲೆ. ಚಾಸಿ ನಂಬರು, ಇಂಜಿನ್ ಬ್ಲಾಕಿನ ಎಂಟು ಮೂಲೆಯ ಫಲಕದ ನಂಬರು, ಆರ್‌ಸಿ ಪುಸ್ತಕದ ನಂಬರು, ಮೂರೂ ತಾಳೆಯಾಗ್ಬೇಕು. ನಮ್ಮ ಮನೇಲಿ ಒಂದು ಕಥೆ ಇದೆ: 1956ರಲ್ಲಿ ಕೆಜಿಎಫ್ ಗಣಿಗಳು ಸರ್ಕಾರದ ಕೈಗೆ ಬಂದಾಗ ಊರಿಗೆ ಹೊರಟ ಒಬ್ಬ ದೊರೆ ತಾತನಿಗೆ ಮಾರಿ ಹೋದ ಅಂತ. ಕೇಳೋಕೆ ಚೆನ್ನಾಗಿದೆ. ಚೀಟಿ ಇಲ್ಲದ ಕಥೆಗೆ ಒಂದು ರೂಪಾಯಿನೂ ಹೆಚ್ಚಿಗೆ ಬರಲ್ಲ.

ಇನ್ನು ಕಾನೂನು. ಜುಲೈ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದ್ರೆ ಮುಟ್ಟದೇ ಇಟ್ಟಿದ್ದೇ ಇಲ್ಲಿ ಅರ್ಹತೆ! ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿ ಇದ್ರೆ ಹಳೇ ನಂಬರು ಉಳಿಸ್ಕೋಬಹುದು. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಗೆ ಬಿಟ್ಟು ದಿನಬಳಕೆಗೆ ಓಡಿಸೋ ಹಾಗಿಲ್ಲ. ಮಾರಿದ್ರೆ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು.

ನಾವು ಸಿಕ್ಕಿಹಾಕ್ಕೊಂಡಿದ್ದು ಅದಕ್ಕೂ ಮುಂಚೆ. ಆರ್‌ಸಿ ಇನ್ನೂ ತಾತನ ಹೆಸರಲ್ಲೇ. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವರ್ಗಾಯಿಸಬೇಕಿತ್ತು, ಯಾರೂ ಮಾಡಲಿಲ್ಲ. ವಿಲ್ ಇಲ್ಲ ಅಂದ್ರೆ ಹೆಣ್ಣುಮಕ್ಕಳಿಗೂ ಸಮಪಾಲು, ಅಪ್ಪ ಒಬ್ಬರೇ ಮಾರೋಕಾಗಲ್ಲ. ಅಂದ್ರೆ ಮದನಪಲ್ಲಿಯಲ್ಲಿರೋ ಅತ್ತೆ ಸಹಿ ಬೇಕು.

ಅತ್ತೆಗೆ ಮಾರೋದು ಇಷ್ಟ ಇರಲಿಲ್ಲ. ಅವರ ಮದುವೆ ಮೆರವಣಿಗೆ ಹೋಗಿದ್ದು ಇದೇ ಕಾರಲ್ಲಿ. ಹೋದ ವಾರ ಫೋನ್ ಮಾಡಿ, "ಸಹಿ ಹಾಕ್ತೀನಿ, ಗಾಡಿ ಹೋಗೋಕೆ ಮುಂಚೆ ಒಂದ್ಸಲ ಕೂತ್ಕೋತೀನಿ" ಅಂದ್ರು. ಸೀಟು ಹರಿದುಹೋಗಿದೆ. ಅದನ್ನೂ ಹೊಲಿಸಿಲ್ಲ, ಮೇಲೊಂದು ಜಮಖಾನ ಹಾಸಿ ಇಟ್ಟಿದ್ದೀನಿ.