ಒಂದು ಪ್ಯಾಕೆಟ್ ಕಳೆದರೆ ಒಂದು ಗಂಟೆ!

ಸಮುದ್ರದಡಿ ಗಾಜಿನ ಎಳೆಯೊಂದು ಸೆಕೆಂಡಿಗೆ 10 ಗಿಗಾಬಿಟ್ ಹೊತ್ತು ಓಡುತ್ತಿದೆ ಎನ್ನಿ. ಕಳಿಸಿದ್ದಕ್ಕೆ ಉತ್ತರ ಬರಲು 100 ಮಿಲಿಸೆಕೆಂಡ್ ಬೇಕು. ಗುಣಿಸಿ ನೋಡಿ: 12.5 ಕೋಟಿ ಬೈಟ್! 1500 ಬೈಟ್‌ಗಳ 83,333 ಪ್ಯಾಕೆಟ್‌ಗಳು ಕೈಬಿಟ್ಟು ಹೋಗಿವೆ, ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ.

ಅದರಲ್ಲಿ ಒಂದೇ ಒಂದು ಕಳೆದುಹೋಗಲಿ. ಇಂಟರ್ನೆಟ್ಟಿನ ಸಾಗಣೆಯ ನಿಯಮಾವಳಿಯಾದ ಟಿಸಿಪಿಯ ಹಳೆಯ ರೂಪ ಬೆಚ್ಚಿಬಿದ್ದು ವೇಗವನ್ನು ಅರ್ಧಕ್ಕಿಳಿಸುತ್ತದೆ. ಆಮೇಲೆ ಕಳಿಸಿ ಉತ್ತರ ಪಡೆಯುವ ಪ್ರತಿ ಸುತ್ತಿಗೊಂದು ಪ್ಯಾಕೆಟ್‌ನಂತೆ ಏರಿಸುತ್ತಾ ಹೋಗಿ ಮೊದಲಿನ ವೇಗ ಮುಟ್ಟುವ ಹೊತ್ತಿಗೆ ಒಂದು ಗಂಟೆ ಒಂಬತ್ತು ನಿಮಿಷ! ಪೂರ್ಣ ವೇಗ ಉಳಿಯಬೇಕಾದರೆ 500 ಕೋಟಿ ಪ್ಯಾಕೆಟ್‌ಗೆ ಒಂದಕ್ಕಿಂತ ಹೆಚ್ಚು ಕಳೆಯಕೂಡದು ಎಂದು 2003ರಲ್ಲಿ ಜಾಲ ಸಂಶೋಧಕಿ ಸ್ಯಾಲಿ ಫ್ಲಾಯ್ಡ್ ಲೆಕ್ಕ ಕೊಟ್ಟರು. ಯಾವ ತಂತಿ ಅಷ್ಟು ನಿಷ್ಠೆಯಿಂದ ಇದ್ದೀತು?

ಆದರೂ ಟಿಸಿಪಿಯ ಆ ಅಳುಕನ್ನು ಹಳಿಯಲು ಮನಸ್ಸು ಬಾರದು. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿದಿತ್ತು. ಎಲ್ಲರೂ ಒಟ್ಟಿಗೆ ನುಗ್ಗಿ ದಾರಿ ಕಟ್ಟಿಹೋಗಿತ್ತು. ಕಳೆದುಕೊಂಡರೆ ಹಿಂಜರಿ ಎಂಬ ವ್ಯಾನ್ ಜೇಕಬ್‌ಸನ್ ಅವರ 1988ರ ಪಾಠವೇ ಇಂಟರ್ನೆಟ್ಟನ್ನು ಉಳಿಸಿದ್ದು. ನಡುವೆ ಅಪ್ಪಣೆ ಕೊಡುವವರು ಯಾರೂ ಇಲ್ಲ. ತುದಿಯ ಯಂತ್ರವೇ ಎಲ್ಲವನ್ನೂ ಊಹಿಸಿಕೊಳ್ಳಬೇಕು!

ಆ ಊಹೆಯನ್ನು ಚುರುಕುಗೊಳಿಸಿದವರ ಜಾಣ್ಮೆ ನೋಡಿ. ಕ್ಯಾಲ್ಟೆಕ್‌ನ ಸ್ಟೀವನ್ ಲೋ ತಂಡದ 'ಫಾಸ್ಟ್' ವಿಧಾನ ಪ್ಯಾಕೆಟ್ ಕಳೆಯುವ ತನಕ ಕಾಯದೆ ತಡವಾಗುವುದನ್ನೇ ಗಮನಿಸಿತು. ಇಂಜಾಂಗ್ ರೀ ಮತ್ತು ಸಂಗಡಿಗರ 'ಕ್ಯೂಬಿಕ್' ಎಡವಿದ ಜಾಗವನ್ನು ನೆನಪಿಟ್ಟುಕೊಂಡಿತು: ದೂರವಿದ್ದಾಗ ಧಾವಿಸು, ಹತ್ತಿರವಾದಂತೆ ಮೆಲ್ಲಗೆ ಹೆಜ್ಜೆಯಿಡು, ದಾಟಿದರೆ ಮತ್ತೆ ಓಡು. ಈ ಏರಿಕೆಗೆ ಗಡಿಯಾರವೇ ಆಧಾರ, ಉತ್ತರಗಳಲ್ಲ. ಹಾಗಾಗಿ ದೂರದವರಿಗೂ ನ್ಯಾಯ! 2006ರಿಂದ ಅದೇ ಲಿನಕ್ಸ್‌ನ ರೂಢಿ.

2016ರಲ್ಲಿ ಗೂಗಲ್‌ನಿಂದ 'ಬಿಬಿಆರ್' ಬಂತು. ತಂಡದಲ್ಲಿ ಅದೇ ಜೇಕಬ್‌ಸನ್! ಅದು ಎರಡನ್ನು ಅಳೆಯುತ್ತದೆ: ದಾರಿ ಗರಿಷ್ಠ ಎಷ್ಟು ಹೊರುತ್ತದೆ, ಉತ್ತರ ಕನಿಷ್ಠ ಎಷ್ಟು ಹೊತ್ತಿಗೆ ಬರುತ್ತದೆ. ತಮಾಷೆಯೆಂದರೆ ಎರಡನ್ನೂ ಒಮ್ಮೆಗೇ ಕಾಣಲಾಗದು. ಮೊದಲನೆಯದಕ್ಕೆ ದಾರಿ ತುಂಬಬೇಕು, ಎರಡನೆಯದಕ್ಕೆ ಬರಿದಾಗಬೇಕು. ಹಾಗಾಗಿ ಬಿಬಿಆರ್ ಸರದಿ ಹಾಕಿಕೊಂಡಿದೆ. ಅದರ ಮೊದಲ ಆವೃತ್ತಿ, ಹತ್ತು ಸೆಕೆಂಡ್ ಕಳೆದರೂ ಹೊಸ ಕನಿಷ್ಠ ಸಿಗದಿದ್ದರೆ, ಕನಿಷ್ಠ 200 ಮಿಲಿಸೆಕೆಂಡ್ ಕಾಲ ನಾಲ್ಕೇ ಪ್ಯಾಕೆಟ್ ದಾರಿಯಲ್ಲಿಟ್ಟು ನೋಡುತ್ತದೆ! ಗರಿಷ್ಠ ವೇಗವೂ ಕನಿಷ್ಠ ತಡವೂ ಕೂಡುವ ಅತ್ಯುತ್ತಮ ನೆಲೆ ಎಲ್ಲಿದೆಯೆಂದು ಲೆನಾರ್ಡ್ ಕ್ಲೈನ್‌ರಾಕ್ 1979ರಲ್ಲೇ ತೋರಿಸಿದ್ದರು. ಅದರ ಹತ್ತಿರ ನಿಲ್ಲುವ ದಾರಿಗಾಗಿ ಇಷ್ಟು ವರ್ಷ ಹುಡುಕಾಟ.

ಮೊದಲ ಬಿಬಿಆರ್ ಒಂದೇ ದಾರಿಯಲ್ಲಿ ಕ್ಯೂಬಿಕ್‌ನ ಪಾಲನ್ನೂ ಕಬಳಿಸುತ್ತಿದ್ದುದುಂಟು. ಅದನ್ನು ತಿದ್ದಲು ಎರಡನೆಯ, ಮೂರನೆಯ ಆವೃತ್ತಿಗಳೂ ಬಂದಿವೆ.